ಎಣ್ಣೆಯ ಲೆಕ್ಕ ಬಿಟ್ಟುಹೋಗಿದೆ

ನಮಸ್ಕಾರ,

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯ ಒಂದು ಪದದ ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಕಾರಣ ಹೇಳದೆ ಸುಮ್ನೆ ವಾಪಸ್ ಕಳಿಸಿಬಿಡಬಹುದಿತ್ತು, ಆದರೆ ನೀವು ಹಿಡಿದಿರುವ ವಿಷಯ ತುಂಬಾ ಒಳ್ಳೆಯದು, ಅದನ್ನು ಕೆಡಿಸಿಕೊಂಡಿದ್ದೀರಲ್ಲ ಎಂದು ಹೊಟ್ಟೆ ಉರಿಯಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕರ್ತನ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರ’ ಅನ್ನುತ್ತೇವಲ್ಲ, ಆ ‘ಅನುದಿನದ’ ಅನ್ನುವ ಜಾಗದಲ್ಲಿ ಗ್ರೀಕ್ ಮೂಲದಲ್ಲಿರುವ ಪದ ಎಪಿಯೂಸಿಯೊಸ್. ಮತ್ತಾಯನ ಸುವಾರ್ತೆ 6:11 ಮತ್ತು ಲೂಕನ ಸುವಾರ್ತೆ 11:3 ಬಿಟ್ಟರೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಇಲ್ಲ. ದಿದಾಖೆ ಎಂಬ ಹಳೆಯ ಕ್ರೈಸ್ತ ಪುಸ್ತಕದಲ್ಲಿ ಬರುತ್ತದೆ, ಅದೂ ಇದೇ ಪ್ರಾರ್ಥನೆಯೊಳಗೆ. ಇಷ್ಟನ್ನು ನೀವು ಸರಿಯಾಗಿಯೇ ಬರೆದಿದ್ದೀರಿ.

ಎಡವಿರುವುದು ಅದರ ಮುಂದಿನ ಸಾಲಿನಲ್ಲಿ. ‘ಎಪಿ ಅಂದರೆ ಮೇಲೆ, ಊಸಿಯಾ ಅಂದರೆ ಸತ್ವ, ಆದ್ದರಿಂದ ಯೇಸು ಕೇಳಲು ಹೇಳಿದ್ದು ಹೊಟ್ಟೆಯ ಅನ್ನವನ್ನಲ್ಲ’ ಎಂದು ಒಂದೇ ಏಟಿಗೆ ಮುಗಿಸಿದ್ದೀರಿ. ಪದವನ್ನು ಒಡೆದ ಮಾತ್ರಕ್ಕೆ ಅರ್ಥ ಹೊರಗೆ ಬಂದುಬಿಡುತ್ತದೆಯೇ? ‘ಉಪವಾಸ’ವನ್ನು ಒಡೆದು ನೋಡಿ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು. ಕನ್ನಡ ಬಾರದವನ ಕೈಗೆ ಇಷ್ಟು ಕೊಟ್ಟರೆ ಅವನು ಪಕ್ಕದ ಮನೆಯವರ ಬಗ್ಗೆ ಪುಟಗಟ್ಟಲೆ ಬರೆದಾನೇ ಹೊರತು ಏಕಾದಶಿಯ ಹಸಿವಿನ ಹತ್ತಿರಕ್ಕೂ ಬರುವುದಿಲ್ಲ. ಬಳಕೆ ಗೊತ್ತಿದ್ದರೆ ಮಾತ್ರ ಒಡೆಯುವುದಕ್ಕೆ ಬೆಲೆ. ಈ ಪದದ ತೊಂದರೆ ಇರುವುದೇ ಅಲ್ಲಿ, ಬಳಕೆಯೇ ಸಿಗುವುದಿಲ್ಲ. ಮೂರನೇ ಶತಮಾನದ ಒರಿಗೆನ್, ಗ್ರೀಕ್ ಮಾತಾಡುತ್ತಿದ್ದ ದೊಡ್ಡ ವಿದ್ವಾಂಸ, ಈ ಪದ ಪಂಡಿತರ ಬರಹದಲ್ಲೂ ಇಲ್ಲ, ಜನರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಕಟ್ಟಿದ ಹಾಗಿದೆ ಎಂದು ಬರೆದಿಟ್ಟಿದ್ದಾನೆ. ಅವನೇ ತಡಕಾಡಿದ ಜಾಗದಲ್ಲಿ ನೀವು ‘ಆದ್ದರಿಂದ’ ಹಾಕಿ ಮುಂದೆ ಹೋಗಿದ್ದೀರಿ.

ಒಡೆಯುವುದಾದರೂ ಒಂದೇ ರೀತಿ ಇಲ್ಲ. ಗ್ರೀಕಿನಲ್ಲಿ ಸ್ವರದ ಮುಂದೆ ಎಪಿಯ ಕೊನೆಯ ‘ಇ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿಯ ಹಾಗೆ. ಊಸಿಯಾ ಸೇರಿದ್ದರೆ ‘ಎಪೂಸಿಯೊಸ್’ ಆಗಬೇಕಿತ್ತು ಎನ್ನುವವರಿದ್ದಾರೆ. ಹಾಗೆ ಬೀಳದೆ ಉಳಿದ ಪದಗಳೂ ಇವೆಯಲ್ಲ ಎಂದು ಎದುರು ವಾದಿಸುವವರೂ ಇದ್ದಾರೆ. ಇನ್ನೊಂದು ದಾರಿ ‘ಎಪಿಯೂಸಾ’, ಅಂದರೆ ಬರುವ ದಿನ, ಮಾರನೆಯ ದಿನ. ಹೊಸ ಒಡಂಬಡಿಕೆಯದೇ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 16:11ರಲ್ಲಿ ಪೌಲನ ಹಡಗು ಮಾರನೆಯ ದಿನ ನೆಯಾಪೊಲಿಗೆ ಬಂತು ಅನ್ನುವಾಗ ಇರುವುದು ಈ ಪದವೇ. ಆ ಲೆಕ್ಕದಲ್ಲಿ ಪ್ರಾರ್ಥನೆ ‘ನಾಳೆಯ ಅನ್ನವನ್ನು ಇವತ್ತು ಕೊಡು’ ಎಂದಾಗುತ್ತದೆ. ದಿನಗೂಲಿಯವರ ಮನೆಯಲ್ಲಿ ರಾತ್ರಿ ಡಬ್ಬಿ ಅಲ್ಲಾಡಿಸಿ ನೋಡುತ್ತಾರಲ್ಲ, ಬೆಳಿಗ್ಗೆಗೆ ಅಕ್ಕಿ ಇದೆಯೋ ಇಲ್ಲವೋ ಎಂದು, ಅಂಥವರ ಪ್ರಾರ್ಥನೆ. ಆದರೆ ಅದೇ ಮತ್ತಾಯನ ಅದೇ 6ನೇ ಅಧ್ಯಾಯದ ಕೊನೆಗೆ ನಾಳೆಯ ಚಿಂತೆ ಬೇಡ ಎಂದಿದೆ! ಈ ಇಕ್ಕಟ್ಟು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನನಗೆ ಓದಬೇಕು ಅನ್ನಿಸಿದ್ದು ಅದೇ.

ಬೈಬಲಿನ ಲ್ಯಾಟಿನ್ ಪಠ್ಯ ಸಿದ್ಧಮಾಡಿದ ಜೆರೋಮನನ್ನು ಸಾಕ್ಷಿಗೆ ಕರೆದಿದ್ದೀರಿ, ಅರ್ಧ ಸಾಕ್ಷಿ ಕೇಳಿ ಕಳಿಸಿಬಿಟ್ಟಿದ್ದೀರಿ. ಲ್ಯಾಟಿನ್ ಬೈಬಲಿನ ಮತ್ತಾಯನಲ್ಲಿ ಅವನು ‘ಸತ್ವಕ್ಕೆ ಮೀರಿದ’ ಅನ್ನುವ ಅರ್ಥದ ಪದ ಹಾಕಿದ್ದು ನಿಜ. ಲೂಕನಲ್ಲಿ? ಅದೇ ಗ್ರೀಕ್ ಪದಕ್ಕೆ ಅಲ್ಲಿ ‘ದಿನನಿತ್ಯದ’ ಎಂದೇ ಇದೆ. ಅಷ್ಟೂ ಅಲ್ಲ, ಹೀಬ್ರೂಗಳ ಸುವಾರ್ತೆ ಎಂಬ ಪುಸ್ತಕದಲ್ಲಿ ಈ ಜಾಗದಲ್ಲಿ ‘ಮಹರ್’, ಅಂದರೆ ‘ನಾಳೆ’, ಎಂದಿರುವುದನ್ನು ನೋಡಿದೆ ಎಂದು ಅವನೇ ಬರೆದಿದ್ದಾನೆ. ಒಬ್ಬನೇ ಮನುಷ್ಯ, ಮೂರು ಅರ್ಥ. ನೀವು ನಿಮಗೆ ಬೇಕಾದ್ದನ್ನು ಎತ್ತಿಕೊಂಡು ಮಿಕ್ಕ ಎರಡನ್ನು ಬಿಟ್ಟಿರಿ, ಇದು ಮಾತ್ರ ನನಗೆ ಸರಿ ಬರಲಿಲ್ಲ. ಸಿರಿಯಾಕ್ ಭಾಷೆಯ ಹಳೆಯ ಬೈಬಲಾದ ಪೆಶಿತ್ತಾದಲ್ಲಿ ‘ನಮ್ಮ ಅಗತ್ಯದ’ ಎಂದಿದೆ, ಅದನ್ನೂ ಸೇರಿಸಿ.

ಈಗ ಎಣ್ಣೆಯ ವಿಷಯ. ಮೊದಲ ಪುಟದಲ್ಲಿ ‘ಈ ಪದ ಬೇರೆಲ್ಲೂ ಸಿಕ್ಕಿಲ್ಲ’ ಅನ್ನುತ್ತೀರಿ, ನಾಲ್ಕನೇ ಪುಟದಲ್ಲಿ ‘ಈಜಿಪ್ಟಿನ ಒಂದು ಪಪೈರಸ್‌ನಲ್ಲಿ ಸಿಕ್ಕಿದೆ’ ಅನ್ನುತ್ತೀರಿ (ಪಪೈರಸ್ ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಲದ ಹಾಳೆ). ಎರಡೂ ನಿಜ ಆಗುವುದಿಲ್ಲ ಅಲ್ವಾ? ನಡೆದದ್ದು ಇದು. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನ ಹವಾರಾದಲ್ಲಿ ಅಗೆಸಿದಾಗ ಸಿಕ್ಕ ಒಂದು ಪಪೈರಸ್ ತುಂಡನ್ನು ಪ್ರಾಚೀನ ಭಾಷೆಗಳ ವಿದ್ವಾಂಸ ಎ.ಎಚ್. ಸೇಸ್ ಓದಿ 1889ರಲ್ಲಿ ಪ್ರಕಟಿಸಿದ. ಅದು ಮನೆಖರ್ಚಿನ ಪಟ್ಟಿ. ಅದರಲ್ಲಿ ‘ಎಪಿಯೂಸಿ...’ ಎಂದು ಅರ್ಧ ಪದ ಇದೆ ಎಂದ. ಜನ ಕುಣಿದಾಡಿದರು, ದಿನದ ಪಡಿ ಎಂಬ ಅರ್ಥಕ್ಕೆ ಪುರಾವೆ ಸಿಕ್ಕಿತು ಎಂದರು. ಆಮೇಲೆ ಆ ತುಂಡೇ ಕಾಣೆ. ದಶಕಗಳ ಕಾಲ ಯಾರಿಗೂ ಸಿಗಲಿಲ್ಲ, ಸೇಸ್ ಬರೆದುಕೊಂಡದ್ದನ್ನೇ ನಂಬಬೇಕಾಯಿತು, ಅವನ ನಕಲುಗಳ ಮೇಲೆ ವಿದ್ವಾಂಸರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಕೊನೆಗೆ 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ ಸಿಕ್ಕಿತು. ಮತ್ತೆ ಓದಿದರೆ ಅಲ್ಲಿರುವುದು ‘ಎಲಾಯೂ’. ಎಣ್ಣೆ! ದಿನಸಿ ಚೀಟಿಯಲ್ಲಿ ಎಣ್ಣೆ ಇರುವುದರಲ್ಲಿ ವಿಶೇಷ ಏನೂ ಇಲ್ಲ, ದಶಕಗಟ್ಟಲೆ ಅದನ್ನು ದೇವರ ಪ್ರಾರ್ಥನೆಯ ಪದ ಎಂದುಕೊಂಡಿದ್ದದ್ದು ವಿಶೇಷ. ನೀವು ಪಪೈರಸ್ ತನಕ ಹೋದವರು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಈ ಕಥೆಯೇ ನಿಮ್ಮ ಲೇಖನ ಆಗುತ್ತಿತ್ತು.

ಇನ್ನು ‘ಕನ್ನಡ ಬೈಬಲಿನ ಅನುವಾದಕರು ನಮಗೆ ಮೋಸ ಮಾಡಿದ್ದಾರೆ’ ಎಂಬ ಸಾಲು. ದಯವಿಟ್ಟು ತೆಗೆಯಿರಿ. ಅರ್ಥ ಗಟ್ಟಿಯಿಲ್ಲದ ಪದಕ್ಕೆ ಅವರು ಒಂದನ್ನು ಆರಿಸಲೇಬೇಕಿತ್ತು, ಹಳೆಯ ಲ್ಯಾಟಿನ್ ಅನುವಾದಕರೂ ಆರಿಸಿದ್ದನ್ನೇ ಆರಿಸಿದರು. ಯೇಸು ‘ಈ ಪದವನ್ನೇ ಬಳಸಿದ’ ಅನ್ನುವುದೂ ಬೇಡ, ಆತನ ಮನೆಮಾತು ಅರಾಮಿಕ್. ಗ್ರೀಕ್ ಪದದ ಹಿಂದೆ ಯಾವ ಅರಾಮಿಕ್ ಪದ ಇತ್ತು ಅನ್ನುವುದೇ ಇನ್ನೊಂದು ಜಗಳ.

ಎಣ್ಣೆಯಿಂದ ಶುರು ಮಾಡಿ ಮತ್ತೆ ಬರೆಯಿರಿ. ಒಂಬೈನೂರು ಪದ ಸಾಕು. ಕೊನೆಯ ಎರಡು ಪುಟಗಳ ಉಪದೇಶ ಪೂರ್ತಿ ಹೋಗಲಿ. ಮತ್ತೆ ಲೂಕನದು 11:3, ನೀವು ಮೂರು ಕಡೆ 11:13 ಎಂದು ಹಾಕಿದ್ದೀರಿ, ಅಲ್ಲಿರುವುದು ಬೇರೆ ವಚನ.