ಡಿಬಗರ್‌ಗೆ ಆಬ್ಜೆಕ್ಟ್ ಪಾಯಿಂಟರ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಎಪಿಎಂಸಿ ತೂಕದ ಲೆಕ್ಕಕ್ಕೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ‘ಧಾನ್ಯ’ ಬೇಸ್ ಕ್ಲಾಸ್. ‘ತೊಗರಿ’, ‘ಕಡಲೆ’ ಅದರಿಂದ ಬಂದವು. ಲಿನಕ್ಸ್‌ನ ಜಿಡಿಬಿ ಡಿಬಗರ್‌ನಲ್ಲಿ (ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಸಾಧನ) ಒಂದೇ ಪಾಯಿಂಟರ್ (ಆಬ್ಜೆಕ್ಟಿನ ಅಡ್ರೆಸ್ ಹಿಡಿದಿಡುವ ವೇರಿಯೇಬಲ್) ಒಮ್ಮೆ ‘ತೊಗರಿ’ ಅಂತ, ಸ್ವಲ್ಪ ಹೊತ್ತಿಗೆ ಬರೀ ‘ಧಾನ್ಯ’ ಅಂತ ಕಾಣುತ್ತದೆ. ಅದೇ ಅಡ್ರೆಸ್ ಲಾಂಗ್ (ಪೂರ್ಣಾಂಕ) ವೇರಿಯೇಬಲ್‌ನಲ್ಲಿದ್ದರೆ ಸುಮ್ನೆ ಸಂಖ್ಯೆ. ಯಾಕೆ?

ಉತ್ತರ: ಮೆಮರಿಯಲ್ಲಿರುವ 8 ಬೈಟ್‌ಗಳ ಮೇಲೆ ‘ಇದು ಪಾಯಿಂಟರ್’ ಅಂತ ಗುರುತೇನೂ ಇರುವುದಿಲ್ಲ. ಜಿಡಿಬಿ ಮೊದಲು ನಂಬುವುದು ನೀವು ಕೋಡಿನಲ್ಲಿ ಬರೆದ ಟೈಪನ್ನು. ಮೈನಸ್ ಜಿ (-g) ಆಯ್ಕೆ ಹಾಕಿ ಕಂಪೈಲ್ ಮಾಡಿದಾಗ ಆ ಟೈಪುಗಳು ಡ್ವಾರ್ಫ್ ಎಂಬ ಡಿಬಗ್ ಮಾಹಿತಿಯ ರೂಪದಲ್ಲಿ ಫೈಲಿನೊಳಗೆ ಸೇರುತ್ತವೆ. ಅಲ್ಲಿ ಲಾಂಗ್ ಅಂತ ಇದ್ದರೆ ಮುಗೀತು, ಒಳಗೆ ನಿಜವಾದ ಅಡ್ರೆಸ್ ಇದ್ದರೂ ಅದು ಸಂಖ್ಯೆಯೇ.

‘ತೊಗರಿ’ ಅಂತ ಕಂಡಿದೆ ಎಂದರೆ ನೀವು ‘ಸೆಟ್ ಪ್ರಿಂಟ್ ಆಬ್ಜೆಕ್ಟ್ ಆನ್’ ಕೊಟ್ಟಿದ್ದೀರಿ, ಅಲ್ವಾ? ಆಗ ಜಿಡಿಬಿ ಇನ್ನೊಂದು ಹೆಜ್ಜೆ ಹೋಗುತ್ತದೆ. ಆಬ್ಜೆಕ್ಟಿನ ಮೊದಲ 8 ಬೈಟ್ ಓದುತ್ತದೆ. ವರ್ಚುಯಲ್ ಫಂಕ್ಷನ್ ಇರುವ ಕ್ಲಾಸಿನಲ್ಲಿ ಸಾಮಾನ್ಯವಾಗಿ ಅಲ್ಲಿರುವುದು ವಿಟೇಬಲ್‌ನ (ಆ ಕ್ಲಾಸಿನ ವರ್ಚುಯಲ್ ಫಂಕ್ಷನ್‌ಗಳ ಅಡ್ರೆಸ್ ಪಟ್ಟಿ) ಅಡ್ರೆಸ್. ಅದನ್ನೇ ನೀವೂ ‘ಇನ್ಫೋ ಸಿಂಬಲ್’ಗೆ ಕೊಟ್ಟು ನೋಡಿ. ‘ತೊಗರಿ’ಯ ವಿಟೇಬಲ್, ಪ್ಲಸ್ 16 ಅಂತ ಬರುತ್ತದೆ. ಆ 16 ಬೈಟ್ ಯಾಕೆಂದರೆ, ವಿಟೇಬಲ್‌ನ ತಲೆಯಲ್ಲಿ ಒಂದು ಆಫ್‌ಸೆಟ್ಟೂ ಟೈಪ್ ಮಾಹಿತಿಯ ಪಾಯಿಂಟರೂ ಕೂತಿರುತ್ತವೆ. ಫಂಕ್ಷನ್‌ಗಳು ಶುರುವಾಗುವುದು ಅವುಗಳ ನಂತರ. ಆ ಸಿಂಬಲ್ (ಅಡ್ರೆಸ್ಸಿಗೆ ಇರುವ ಹೆಸರು) ಸಿಗದಿದ್ದರೆ ಜಿಡಿಬಿ ನೀವು ಬರೆದ ‘ಧಾನ್ಯ’ಕ್ಕೇ ವಾಪಸ್ ಬರುತ್ತದೆ.

ಈ ಬದಲಾವಣೆಯನ್ನು ಹಗುರವಾಗಿ ತಗೋಬೇಡಿ. ಹೆಚ್ಚಾಗಿ ಆ ಆಬ್ಜೆಕ್ಟನ್ನು ಎಲ್ಲೋ ಡಿಲೀಟ್ ಮಾಡಿರುತ್ತೀರಿ. ಬೇಸ್ ಕ್ಲಾಸಿನ ಡಿಸ್ಟ್ರಕ್ಟರ್ (ಆಬ್ಜೆಕ್ಟ್ ಅಳಿಸುವಾಗ ಓಡುವ ಫಂಕ್ಷನ್) ಓಡುವಾಗ ಆ ಜಾಗಕ್ಕೆ ‘ಧಾನ್ಯ’ದ ವಿಟೇಬಲ್‌ನ ಅಡ್ರೆಸ್ ಬಂದು ಕೂರುತ್ತದೆ. ಆಮೇಲೆ ಜಿಲಿಬ್‌ಸಿ (ಮೆಮರಿ ಹಂಚುವ ಲಿನಕ್ಸ್ ಲೈಬ್ರರಿ) ಆ ಮೆಮರಿ ವಾಪಸ್ ತಗೊಂಡು, ಅದೇ ಮೊದಲ ಬೈಟ್‌ಗಳಲ್ಲಿ ತನ್ನ ಖಾಲಿ ಜಾಗಗಳ ಪಟ್ಟಿಯ ಲೆಕ್ಕ ಬರೆದುಕೊಳ್ಳುತ್ತದೆ. ನಿಮ್ಮ ಪಾಯಿಂಟರ್ ಮಾತ್ರ ಹಳೇ ಅಡ್ರೆಸ್ಸನ್ನೇ ಹಿಡಿದುಕೊಂಡಿರುತ್ತದೆ. ಕನ್‌ಸ್ಟ್ರಕ್ಟರ್ ಒಳಗೆ ನಿಂತು ನೋಡಿದರೂ ‘ಧಾನ್ಯ’ ಕಾಣಬಹುದು, ಆದರೆ ಅದು ತಪ್ಪಲ್ಲ. ಆಬ್ಜೆಕ್ಟ್ ಇನ್ನೂ ಪೂರ್ತಿ ತಯಾರಾಗಿಲ್ಲ ಅಷ್ಟೇ.

ಎಲ್ಲ ಡಿಬಗರ್‌ಗಳೂ ಹೀಗೆಯೇ ಅಲ್ಲ. ಡಾಟ್‌ನೆಟ್‌ನ ಎಸ್‌ಒಎಸ್ ಎಂಬ ಡಿಬಗರ್ ಎಕ್ಸ್‌ಟೆನ್ಷನ್‌ನಲ್ಲಿ ಸ್ಟ್ಯಾಕ್ ಆಬ್ಜೆಕ್ಟ್‌ಗಳನ್ನು ಹುಡುಕುವ ಕಮಾಂಡ್, ಸ್ಟ್ಯಾಕಿನ (ಫಂಕ್ಷನ್‌ಗಳ ತಾತ್ಕಾಲಿಕ ಮೆಮರಿ) ಒಂದೊಂದೇ ವರ್ಡ್ ನೋಡುತ್ತಾ ಆಬ್ಜೆಕ್ಟಿನ ಹಾಗೆ ಕಂಡದ್ದನ್ನೆಲ್ಲ ಪಟ್ಟಿ ಮಾಡುತ್ತದೆ. ಹಾಗಾಗಿ ಕೆಲಸ ಮುಗಿದ ಹಳೇ ಆಬ್ಜೆಕ್ಟ್‌ಗಳೂ ಅದರಲ್ಲಿ ಬಂದುಬಿಡುತ್ತವೆ.

ಈಗ ಒಂದು ಕೆಲಸ ಮಾಡಿ. ‘ತೊಗರಿ’ ಅಂತ ಸರಿಯಾಗಿ ಕಾಣುವಾಗಲೇ ಆ ಮೊದಲ 8 ಬೈಟ್ ಮೇಲೆ ವಾಚ್‌ಪಾಯಿಂಟ್ (ಬದಲಾವಣೆಯ ಕಾವಲು) ಹಾಕಿ, ಕಂಟಿನ್ಯೂ ಕೊಡಿ. ಅವು ಬದಲಾದ ಕೂಡಲೇ ಪ್ರೋಗ್ರಾಂ ನಿಲ್ಲುತ್ತದೆ. ಅಲ್ಲೇ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ತೆಗೆದರೆ, ಯಾವ ಫಂಕ್ಷನ್ ಡಿಲೀಟ್ ಮಾಡಿತು ಅಂತ ಕಾಣುತ್ತದೆ.