ಮಜಾ ಇಲ್ಲ ಅಂತಾನೆ, ಮತ್ತೆ ಕುಡಿಯೋದ್ಯಾಕೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಬೈತಖೋಲ ಬಂದರಿನಿಂದ ಪರ್ಸಿನ್ ಬೋಟಿಗೆ (ದೊಡ್ಡ ಬಲೆಯ ಮೀನುಗಾರಿಕೆ ಬೋಟ್) ಹೋಗುತ್ತಾನೆ. ಮೀನುಗಾರಿಕೆ ಬಂದ್ ಇದ್ದ 61 ದಿನವೂ ಶಿರಸಿಯ ಚಿಕ್ಕಮ್ಮನ ಮನೆಯಲ್ಲಿದ್ದ. ಒಂದು ಹನಿ ಮುಟ್ಟಲಿಲ್ಲ. ಆಗಸ್ಟ್ 1ಕ್ಕೆ ಬಂದರಿಗೆ ಹೋದವನು ರಾತ್ರಿ ಕುಡಿದೇ ಬಂದ. "ಈಗ ಕುಡಿದರೆ ಮಜಾನೂ ಇಲ್ಲ ಅಕ್ಕಾ, ಆದರೂ ತಡೆಯೋಕಾಗಲ್ಲ" ಅಂತಾನೆ. ಇದು ನಾಟಕ ಅಲ್ವಾ?
- ಕಾರವಾರದ ಓದುಗರು

ಉತ್ತರ: ನಾಟಕ ಅಲ್ಲ. ನಿಮ್ಮ ತಮ್ಮ ತನ್ನ ಕಾಯಿಲೆಯನ್ನು ಸರಿಯಾಗೇ ಹೇಳಿದ್ದಾನೆ.

ಮಿದುಳಿನಲ್ಲಿ 'ಬೇಕು' ಅನ್ನಿಸುವುದೇ ಬೇರೆ, 'ಚೆನ್ನಾಗಿದೆ' ಅನ್ನಿಸುವುದೇ ಬೇರೆ. ಡೋಪಮೈನ್‌ಗೆ 'ಖುಷಿಯ ರಾಸಾಯನಿಕ' ಅಂತ ಸುಮ್ನೆ ಹೆಸರಿಟ್ಟುಬಿಟ್ಟಿದ್ದೇವೆ. ಅದರ ಕೆಲಸ ಜಾಸ್ತಿ ಇರುವುದು 'ಬೇಕು' ಅನ್ನಿಸುವುದರಲ್ಲಿ. ನಡುಮಿದುಳಿನ ನರಕೋಶಗಳು ಅದನ್ನು ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಜಾಗದಲ್ಲಿ ಬಿಡುತ್ತವೆ.

ಯಾವಾಗ ಬಿಡುತ್ತವೆ ಅನ್ನುವುದೇ ಸ್ವಾರಸ್ಯ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾದವು. ರಸ ಬರುವ ಮುಂಚಿನ ಸೂಚನೆ ರೂಢಿಯಾದ ಮೇಲೆ ಸೂಚನೆಗೇ ಚುರುಕಾದವು, ರಸಕ್ಕಲ್ಲ. ಸೂಚನೆ ಬಂದು ರಸ ಬಾರದಿದ್ದರೆ ಸಪ್ಪಗಾದವು. ಮೀನಿನವರ ಹಾರ್ನ್ ಕೇಳಿದ ಕೂಡಲೇ ನಮಗೆ ಬಾಯಲ್ಲಿ ನೀರು ಬರುತ್ತದಲ್ಲ, ಬಂಗಡೆ ಇನ್ನೂ ಬುಟ್ಟಿಯಲ್ಲೇ ಇರುವಾಗ!

ನಿಮ್ಮ ತಮ್ಮನಿಗೆ ಆ ಹಾರ್ನ್ ಯಾವುದು? ಡೀಸೆಲ್ ವಾಸನೆ ಇರಬಹುದು, ಪಾಲು ಹಂಚುವ ಹೊತ್ತು ಇರಬಹುದು, ಜೊತೆಯ ಖಲಾಸಿಗಳ ಒಂದು ಕೂಗೂ ಇರಬಹುದು. ಶಿರಸಿಯ ಅಡಿಕೆ ತೋಟದಲ್ಲಿ ಇವು ಯಾವುದೂ ಇರಲಿಲ್ಲ. ದಿನಾ ಕುಡಿದ ಮಿದುಳು ಮಜಾಕ್ಕೆ ಒಗ್ಗಿಹೋಗುತ್ತದೆ. 'ಬೇಕು' ಮಾತ್ರ ಇನ್ನಷ್ಟು ಚೂಪಾಗುತ್ತದೆ. ರಾಬಿನ್ಸನ್ ಮತ್ತು ಬೆರಿಜ್ ಎಂಬ ವಿಜ್ಞಾನಿಗಳು 1993ರಲ್ಲಿ ಮಂಡಿಸಿದ ವಾದ ಇದೇ.

ಹಾಗಾಗಿ ಆಣೆ ಪ್ರಮಾಣ ಮಾಡಿಸಬೇಡಿ. ಪಾಲಿನ ದುಡ್ಡು ಕೈಗೆ ಬಾರದೆ ಬ್ಯಾಂಕಿಗೆ ಹೋಗುವಂತೆ ಬೋಟ್ ನಡೆಸುವ ತಾಂಡೇಲರ ಹತ್ತಿರ ಮಾತಾಡಿ. ಬೋಟ್ ದಡಕ್ಕೆ ಬರುವ ಹೊತ್ತಿಗೆ ಮನೆಯವರೊಬ್ಬರು ಬೈಕ್ ತಗೊಂಡು ಜೆಟ್ಟಿಯಲ್ಲಿರಲಿ. ಮನೋವೈದ್ಯರಿಗೆ ತೋರಿಸಿ. ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ, ಲಿವರ್ ಪರೀಕ್ಷೆ ಮಾಡಿ ಕೊಡುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಒಂದು ವಿಷಯ ಮರೆಯಬೇಡಿ. ಅವನೀಗ ಮತ್ತೆ ದಿನಾ ಜಾಸ್ತಿ ಕುಡಿಯುತ್ತಿದ್ದರೆ, ಕೋಣೆಯಲ್ಲಿ ಕೂಡಿಹಾಕಿ ಒಂದೇ ಸಲ ಬಿಡಿಸಲು ಹೋಗಬೇಡಿ. ಕೈ ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಬಿಡಿಸುವುದು ಡಾಕ್ಟರ ಕಣ್ಣೆದುರೇ ಆಗಲಿ.