ಆರನೇ ಕ್ಲಾಸಿನ ಮಗಳಿಗೆ ಎಂಥ ಜೀವನಚರಿತ್ರೆ ಕೊಡಬೇಕು?

ನಮಸ್ಕಾರ. ಮಗಳು ಜೀವನಚರಿತ್ರೆಗಳನ್ನು ಎರಡು ಪುಟ ಓದಿ ಬಿಡುತ್ತಾಳೆ, ಒಳ್ಳೆಯದನ್ನು ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ಶಿರಸಿಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ತಪ್ಪು ಮಕ್ಕಳದ್ದಲ್ಲ. ಬಾಲ್ಯದಿಂದಲೇ ಮಹಾ ಪ್ರತಿಭಾವಂತರು ಅಂತ ಶುರುವಾದರೆ ಮುಂದೆ ತಿಳಿಯಲು ಏನು ಉಳಿಯಿತು?

ಸಾವಿರಾರು ಗಿಡ ಬೆಳೆಸಿದ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರನ್ನೇ ನೋಡಿ. 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಬೇಕಾದ್ದು ಅದರ ಹಿಂದಿನ ದಿನಗಳು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು. ಶಾಲೆಗೆ ಹೋಗಲಾಗಲಿಲ್ಲ. ಅಮ್ಮನ ಜೊತೆ ಸಸಿ ಬೆಳೆಸುವ ನರ್ಸರಿಯಲ್ಲಿ ಕೂಲಿ ಕೆಲಸ. ಬೀಜಕ್ಕೆ ತಾಯಿಮರ ಯಾವುದು, ಯಾವಾಗ ಆರಿಸಬೇಕು ಅನ್ನುವುದನ್ನು ಕಾಡಿನಲ್ಲಿ ನೋಡಿ ನೋಡಿಯೇ ಕಲಿತರು. ಈ ಕೆಲಸವನ್ನೇ ನಾಲ್ಕು ಪುಟ ಬಿಡಿಸಿ ಬರೆದಿದ್ದರೆ ಓದಿದ ಮಗು ತಾನೂ ಬೀಜ ಹುಡುಕಲು ಹೊರಡುತ್ತದೆ, ಅಲ್ವಾ?

ಕಷ್ಟದ ಸಂಗತಿಗಳನ್ನು ಮುಚ್ಚಿಡುವ ಪುಸ್ತಕ ಬೇಡ. ರೈತರ ಪರ ನಿಂತ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಸುಮ್ನೆ ಇಷ್ಟು ಹೇಳಿದರೆ ಸಾಲದು. ಗೇಣಿ ಅಂದರೇನು (ಜಮೀನಿನ ಒಡೆಯನಿಗೆ ಉಳುವವನು ಕೊಡಬೇಕಿದ್ದ ಪಾಲು), ಬೆಳೆದವನ ಮನೆಯಲ್ಲೇ ಅಕ್ಕಿ ಯಾಕೆ ಉಳಿಯುತ್ತಿರಲಿಲ್ಲ ಅಂತ ಬಿಡಿಸಿ ಹೇಳಬೇಕು. ಹನ್ನೊಂದು ವರ್ಷದವರಿಗೆ ಅನ್ಯಾಯ ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನೊಂದು, ಲೇಖಕರೇ ಕಟ್ಟಿದ ಮಾತುಕತೆ ಜಾಸ್ತಿ ಇದ್ದರೆ ನಾನು ಕೊಳ್ಳುವುದಿಲ್ಲ.

ಅಂಗಡಿಯಲ್ಲಿ ನಡುವಿನ ಒಂದು ಪುಟ ತೆಗೆದು ಅವಳಿಗೇ ಓದಲು ಕೊಡಿ. ಪುಟ ತಾನೇ ತಿರುಗಿಸಿದರೆ ಆ ಪುಸ್ತಕ ತನ್ನಿ.